ರಕ್ತ ಕಾಯುವ ಕೆಲಸ

ಹೊಸಕೋಟೆ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತದ ಫ್ರಿಜ್ಜು ನೋಡಿಕೊಳ್ಳುವುದು ನನ್ನ ಕೆಲಸ. ಎರಡರಿಂದ ಆರು ಡಿಗ್ರಿ; ಅದಕ್ಕಿಂತ ಮೇಲೂ ಹೋಗಬಾರದು, ಕೆಳಗೂ ಇಳಿಯಬಾರದು. ಹೆಪ್ಪುಗಟ್ಟಿದರೂ ಕೆಂಪು ಕಣ ಒಡೆಯುತ್ತದೆ, ಬಿಸಿಯಾದರೂ ಒಡೆಯುತ್ತದೆ. ಒಡೆದ ರಕ್ತ ಮೈಗೆ ಹೋದರೆ ವಿಷವೇ ಸರಿ. ಕರೆಂಟ್ ಹೋಗಿ ಜನರೇಟರ್ ಒಂದು ನಿಮಿಷ ತಡವಾದರೂ ವಾಚ್‌ಮನ್ ಮೇಲೆ ಎಗರಾಡುತ್ತೇನೆ. ಒಮ್ಮೆ ಆ ಫ್ರಿಜ್ಜಿನಲ್ಲಿ ಯಾರೋ ಮೊಸರಿನ ಡಬ್ಬಿ ಇಟ್ಟಿದ್ದಕ್ಕೆ ಎಲ್ಲರಿಗೂ ಸೇರಿಸಿ ಮಂಗಳಾರತಿ ಎತ್ತಿದ್ದೆ. ಇಷ್ಟು ಬಾಯಿ ಇರುವ ನಾನೇ ಅವತ್ತು ಎಡವಿದೆ.

ಜಡಿಗೇನಹಳ್ಳಿ ಕಡೆಯ ಹೆಂಗಸೊಬ್ಬಳಿಗೆ ಮಧ್ಯಾಹ್ನ ಹೆರಿಗೆಯಾಗಿ, ರಕ್ತ ಹೋಗುವುದು ನಿಂತಿರಲಿಲ್ಲ. ಅವಳದು ಓ ನೆಗೆಟಿವ್. ನನ್ನ ಹತ್ತಿರ ಇದ್ದದ್ದು ಒಂದೇ ಬ್ಯಾಗು. ಅದನ್ನು ನರ್ಸ್ ಕೈಗೇ ಕೊಡಬೇಕು ಅನ್ನುವುದು ನಿಯಮ. ನರ್ಸ್ ಬರಲಿಲ್ಲ, ಬಾಣಂತಿಯ ತಾಯಿ ಬಂದರು. ನಾನೊಬ್ಬಳೇ ಇದ್ದೆ, ಮೆಷಿನ್ನಿನಲ್ಲಿ ಇನ್ನೊಂದು ಸ್ಯಾಂಪಲ್ ಇತ್ತು. ವಾರ್ಡು ಅಂಗಳದಾಚೆಯೇ ಅಲ್ಲವಾ ಅಂತ ಅವರ ಕೈಗೇ ಕೊಟ್ಟೆ.

"ಅಯ್ಯೋ ಶಿವನೇ, ಇಷ್ಟು ತಣ್ಣಗೈತಲ್ಲವ್ವ! ಈಗ್ಲೇ ಏರಿಸ್ತಾರಾ?"

"ಇಲ್ಲಜ್ಜಿ, ಸ್ವಲ್ಪ ಕಾಯ್ಬೇಕು," ಅಂದೆ, ತಲೆ ಎತ್ತದೆ. ಡಾಕ್ಟರು ಬರುವ ತನಕ ಅನ್ನುವುದು ನನ್ನ ಮನಸ್ಸಿನಲ್ಲಿತ್ತು.

ಸ್ವಲ್ಪ ಹೊತ್ತಿಗೆ ನರ್ಸ್ ಫೋನ್ ಮಾಡಿದಳು. "ಬ್ಯಾಗ್ ಎಲ್ಲಿ ಅಕ್ಕಾ? ಪೇಷೆಂಟ್ ಬೀಪಿ ಬೀಳ್ತಾ ಇದೆ."

ಓಡಿದೆ. ವಾರ್ಡಿನ ಹೊರಗೆ ಅಜ್ಜಿ ಬಕೆಟ್ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಬಾಣಂತಿಗೆಂದು ತಂದಿದ್ದ ಬಿಸಿನೀರು ಹಬೆಯಾಡುತ್ತಿತ್ತು. ಬ್ಯಾಗು ಅದರೊಳಗಿತ್ತು.

"ನೀನೇ ಅಂದ್ಯಲ್ಲವ್ವ, ಕಾಯ್ಬೇಕು ಅಂತ. ಹಸಿ ಬಾಣಂತಿಗೆ ತಣ್ಣಂದು ಏರಿಸಿದ್ರೆ ಸನ್ನಿ ಆಗಲ್ವಾ? ಈಗ ಚೆನ್ನಾಗಿ ಕಾದೈತೆ ನೋಡು."

ಎತ್ತಿಕೊಂಡೆ, ಕೈ ಚುರ್ ಅಂದಿತು. ಲ್ಯಾಬಿನಲ್ಲಿ ನಾಲ್ಕು ಹನಿ ತೆಗೆದು ಮೆಷಿನ್ನಿನಲ್ಲಿ ಗಿರ್ರನೆ ತಿರುಗಿಸಿ ನೋಡಿದೆ. ಮೇಲೆ ತಿಳಿಯಾಗಿ ನಿಲ್ಲಬೇಕಾದ ನೀರು ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣವಾಗಿತ್ತು. ಒಂದೇ ಒಂದು ಬ್ಯಾಗು, ಅದೂ ಹೋಯಿತು.

ಅಜ್ಜಿಯನ್ನು ನಾನು ಬಯ್ಯಲಿಲ್ಲ, ರಕ್ತ ಕೆಟ್ಟಿತೆಂದೂ ಹೇಳಲಿಲ್ಲ. ಬೈದರೆ, ಅವರ ಕೈಗೆ ಕೊಟ್ಟವರು ಯಾರು ಅನ್ನುವ ಪ್ರಶ್ನೆ ಏಳುತ್ತಿತ್ತು. ಬ್ಯಾಗು ಸೋರುತ್ತಿದೆ ಅಂತ ಡಾಕ್ಟರಿಗೆ ಸುಳ್ಳು ಹೇಳಿ ಬೆಂಗಳೂರಿನಿಂದ ಇನ್ನೊಂದು ತರಿಸಿದೆ. ಅದು ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬರುವ ಹೊತ್ತಿಗೆ ಆ ಹೆಣ್ಣಿನ ಮುಖ ಸುಣ್ಣದ ಗೋಡೆಯ ಹಾಗೆ ಬಿಳುಚಿತ್ತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅಂತೂ ಬದುಕಿಕೊಂಡಳು.

ಮನೆಗೆ ಹೊರಡುವ ದಿನ ಅಜ್ಜಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ ಮಾತು ಕೇಳಿ ಕಾಯ್ಸಿದ್ದಕ್ಕೇ ನನ್ ಮಗಳು ಉಳ್ಕೊಂಡ್ಲು ಕಣವ್ವ."

ನನಗೆ ಮೈಯೆಲ್ಲ ಹೇಸಿಗೆಯಾಯಿತು. ತಡೆಯಲಾರದೆ ನಿಜ ಹೇಳಿಬಿಟ್ಟೆ. ಕಾಯಿಸಿದ್ದನ್ನು ಚೆಲ್ಲಿದೆ, ಏರಿಸಿದ್ದರೆ ನಿಮ್ಮ ಮಗಳು ಸಾಯುತ್ತಿದ್ದಳು, ತಪ್ಪು ನನ್ನದು ಅಂದೆ. ಅಜ್ಜಿ ನನ್ನ ಕೈ ಬಿಟ್ಟರು. ಶಾಪ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವತ್ತೇ ಉಗಿದು ಹೇಳ್ಬಾರ್ದಿತ್ತಾ? ನನ್ ತಂಗಿ ಸೊಸೆಗೂ ರಕ್ತ ಏರಿಸ್ಬೇಕಂತೆ. ಬೆಳಿಗ್ಗೆ ಫೋನಲ್ಲಿ ತಂಗಿಗೂ ಕಾಯ್ಸು ಅಂತ ಹೇಳ್ಕೊಟ್ಬಿಟ್ನಲ್ಲವ್ವಾ!"

"ಯಾವ ಆಸ್ಪತ್ರೇಲಿ ಅವ್ರೆ?"

"ಕೇಳ್ಲಿಲ್ಲ ಕಣವ್ವ."

ಅಜ್ಜಿಯ ಫೋನ್ ಕಿತ್ತುಕೊಂಡು ಆ ತಂಗಿಗೆ ಹಚ್ಚಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲ ಎತ್ತಿದಾಕೆ, ಯಾರು ಎಂದು ಕೂಡ ಕೇಳದೆ, ಖುಷಿಯಿಂದ ಹೇಳಿದಳು: "ಅಕ್ಕಾ, ನೀನ್ ಹೇಳ್ದಂಗೇ ಮಾಡಿದ್ವಿ. ಈಗ ಏರಿಸ್ತಾವ್ರೆ."