ಅಜ್ಜಿ ಹಾರಿಸಿದ ಹಕ್ಕಿ

"ಆವು! ಮಿಸ್, ಆವು!"

ಮಕ್ಕಳೆಲ್ಲ ಕೂಗುತ್ತ ಬೆಂಚು ಹತ್ತಿದರು. ನಾನು ಮಾತ್ರ ಅಲ್ಲಾಡದೆ ನಿಂತಿದ್ದೆ. ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಅದು ನನ್ನ ಮೊದಲ ದಿನ. ಆವು ಎಂದರೆ ಹಳಗನ್ನಡದಲ್ಲಿ ಹಸು ಎಂದು ಎಂದೋ ಓದಿದ ನೆನಪು. ಹಸು ಒಳಗೆ ನುಗ್ಗಿತೇ ಎಂದು ಬಾಗಿಲ ಕಡೆ ನೋಡಿದೆ. ಅಷ್ಟರಲ್ಲಿ ನನ್ನ ಹಿಮ್ಮಡಿಯ ಹತ್ತಿರವೇ, ಗೋಡೆಯ ಬುಡ ಹಿಡಿದು, ಒಂದು ಕೇರೆ ಹಾವು ಹರಿದು ಹೋಯಿತು.

ನಮ್ಮ ಬಿಜಾಪುರದ ಇಂಡಿ ಕಡೆ ಅದು ಹಾಂವ. ಇಲ್ಲಿ ಆವು. ಪುಸ್ತಕದಲ್ಲಿ ಹಾವು. ಒಂದೇ ಭಾಷೆಯೊಳಗೆ ವಲಸೆ ಬಂದವಳಿಗೆ ಏನು ಕಷ್ಟ ಎಂದು ನೀವು ಊರಲ್ಲಿ ಕುಳಿತು ಕೇಳಬಹುದು. ಹೊರಡುವಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಪರಭಾಷೆಯ ನಾಡಾಗಿದ್ದರೆ ತಪ್ಪಿ ಮಾತಾಡಿದವರನ್ನು ಜನ ಕ್ಷಮಿಸುತ್ತಾರೆ. ಇಲ್ಲಿ ನಗುತ್ತಾರೆ.

ಶಾಲೆಗೆ ಬಸ್ಸಿನಲ್ಲಿ ಹೋಗಿಬರಲು ಚನ್ನರಾಯಪಟ್ಟಣದಲ್ಲಿ ನನಗೆ ಸಿಕ್ಕಿದ್ದು ಒಂದು ಮಹಡಿ ಕೋಣೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮನೆಯ ಒಡತಿ ಜಯಮ್ಮ ಕೆಟ್ಟವರಲ್ಲ. ಬಂದ ವಾರವೇ ಮುದ್ದೆ, ಅವರೆಕಾಳು ಸಾರು ಕೊಟ್ಟು, "ಅಗೀಬ್ಯಾಡ ಕಣವ್ವಾ, ನುಂಗ್ಬುಡು," ಎಂದು ಎದುರಿಗೇ ಕುಳಿತು ಕಲಿಸಿದರು. ಆದರೆ ಮೊದಲ ಸಲ ರೊಟ್ಟಿ ಬಡಿದಾಗ ಮೆಟ್ಟಿಲ ಅರ್ಧಕ್ಕೆ ಬಂದು ನಿಂತರು. "ಅದೇನವ್ವಾ ಅಂಗೆ ದಬದಬ ಅಂತೀಯ? ಕೆಳಗೆ ನಮ್ಮತ್ತೆ ಮಲಗಿದ್ರು. ಮನೆ ಬಿದ್ದೋಯ್ತದೆ ಅಂತ ಎದ್ದು ಕೂತವ್ರೆ." ಇಲ್ಲಿಯವರು ರೊಟ್ಟಿಯನ್ನು ತಟ್ಟುತ್ತಾರೆ, ಬಡಿಯುವುದಿಲ್ಲ. ನಮ್ಮ ಓಣಿಯಲ್ಲಾದರೆ ಬೆಳಿಗ್ಗೆ ಯಾವ ಮನೆಯಿಂದ ರೊಟ್ಟಿಯ ಸಪ್ಪಳ ಬರಲಿಲ್ಲವೋ ಆ ಮನೆಯಲ್ಲಿ ಏನೋ ಆಗಿದೆ ಎಂದು ಇಣುಕಿ ನೋಡುತ್ತೇವೆ. ಈಗ ನಾನು ಕೆಳಗಿನ ಮನೆಯ ಮಿಕ್ಸಿ ಶುರುವಾಗುವುದನ್ನೇ ಕಾದು, ಅದರ ಸದ್ದಿನ ಮರೆಯಲ್ಲಿ ರೊಟ್ಟಿ ಮಾಡಿಕೊಳ್ಳುತ್ತೇನೆ. ಮಿಕ್ಸಿ ನಿಂತರೆ ನನ್ನ ಕೈಯೂ ನಿಲ್ಲುತ್ತದೆ.

ನಮ್ಮಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಆಕಾಶ ನೆಲಕ್ಕೆ ತಾಕುವವರೆಗೆ ಕಣ್ಣು ಹೋಗುತ್ತದೆ. ಇಲ್ಲಿ ಪಕ್ಕದ ತೆಂಗಿನ ತೋಟದವರೆಗೆ ಮಾತ್ರ. ಚೆಲುವಾದ ನಾಡು, ಇಲ್ಲ ಎನ್ನುವುದಿಲ್ಲ. ಆದರೆ ನೋಟಕ್ಕೆ ಎಲ್ಲ ಕಡೆಯೂ ಬೇಲಿ.

ಊರಿಗೆ ಹಿಂತಿರುಗಲು ನನಗಿದ್ದ ಹತ್ತಿರದ ದಾರಿ ಪರಸ್ಪರ ವರ್ಗಾವಣೆ. ಆ ಕಡೆ ಕೆಲಸದಲ್ಲಿರುವ ಈ ಕಡೆಯವರೊಬ್ಬರು ಇಲ್ಲಿಗೆ ಬರಲು ಒಪ್ಪಿದರೆ ಅವರ ಜಾಗಕ್ಕೆ ನಾನು ಹೋಗಬಹುದು. ನಮ್ಮೂರ ಕಡೆ ಕೆಲಸದಲ್ಲಿದ್ದ ಹೊಳೆನರಸೀಪುರದ ಒಬ್ಬ ಮೇಷ್ಟ್ರು ಸಿಕ್ಕಿದ್ದರು, ಒಪ್ಪಿಯೂ ಇದ್ದರು. ಒಂದು ದಿನ ಅವರದೇ ಫೋನು. "ಮೇಡಂ, ಬೇಜಾರ್ ಮಾಡ್ಕಬೇಡಿ. ನಮ್ಮನೆಯವ್ರಿಗೂ ಈ ಕಡೆನೇ ಕೆಲ್ಸ ಆಯ್ತು. ಬಿಸ್ಲೂ ಒಗ್ಗೋಯ್ತು, ರೊಟ್ಟಿನೂ ಒಗ್ಗೋಯ್ತು." ನನ್ನೂರಿನ ರೊಟ್ಟಿಗೆ ಒಗ್ಗಿಹೋದ ಆ ಮನುಷ್ಯನಿಗೆ "ಒಳ್ಳೇದಾತ್ರಿ" ಎಂದು ಫೋನ್ ಇಟ್ಟೆ.

ಆಮೇಲೆ ನಾನು ಮಾತು ಕಡಿಮೆ ಮಾಡಿದೆ. ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುತ್ತಿದ್ದೆ. ಬಾಯಿ ತೆರೆದರೆ "ಯಾವೂರಾಯ್ತು?" ಎಂಬ ಪ್ರಶ್ನೆ ತಪ್ಪದು. ತರಗತಿಯಲ್ಲಿ ಒಂದು ಮಗುವೂ ಹೀಗೆಯೇ ಬಾಯಿ ತೆರೆಯಲು ಹೆದರುತ್ತಿರುವುದು ಕಣ್ಣಿಗೆ ಬಿದ್ದದ್ದು ಬಹುಶಃ ಅದಕ್ಕೇ ಇರಬೇಕು.

ಅವಳು ಚಂದ್ರಿಕಾ, ನಾಲ್ಕನೇ ತರಗತಿ. ಎಲ್ಲರ ಬಾಯಲ್ಲಿ ಚಂದ್ರಿ. ನಮ್ಮ ಹೆಡ್ ಮಾಸ್ಟರ್ ಪುಟ್ಟರಾಜು ಇದೇ ಸೀಮೆಯವರು. ಮಕ್ಕಳು 'ಹ'ಕಾರ ನುಂಗಿದರೆ ಅವರಿಗೆ ತಡೆಯಲಾಗದು. ಹಾಲಿಗೆ ಆಲು ಎಂದ ಮಗು ನಿಂತೇ ಇರಬೇಕು. "ನಾನು ಶಿಕ್ಷಕರ ತರಬೇತಿಗೆ ಹೋದಾಗ ಹೆಣ್ಣು ಅನ್ನೋಕೆ ಎಣ್ಣು ಅಂದೆ ಅಂತ ಇಡೀ ಹಾಸ್ಟೆಲ್ ನಕ್ಕಿತ್ತು ಮೇಡಂ. ಈ ಮಕ್ಕಳಿಗೆ ಆ ಗತಿ ಬೇಡ," ಎಂದು ನನ್ನಲ್ಲಿ ಹೇಳಿದ್ದರು. ಒಂದೊಂದು 'ಹ'ವನ್ನೂ ಅವರು ಕೈಯಲ್ಲಿ ಹಿಡಿದು ಇಟ್ಟಂತೆ ಉಚ್ಚರಿಸುತ್ತಿದ್ದರು. ನಕ್ಕವರ ನಡುವೆ ನಿಂತ ಅನುಭವ ನನಗೂ ಇದ್ದುದರಿಂದ ಅವರನ್ನು ಗಡುಸು ಮನುಷ್ಯ ಎಂದು ತಳ್ಳಿಹಾಕಲು ಆಗಲಿಲ್ಲ.

ಚಂದ್ರಿ ಈ ತಿದ್ದುಪಡಿಗೆ ಎಷ್ಟು ಹೆದರಿದ್ದಳೆಂದರೆ, ಪುಸ್ತಕ ಹಿಡಿದಾಗ ಇಲ್ಲದ ಕಡೆಯಲ್ಲೂ 'ಹ' ಸೇರಿಸುತ್ತಿದ್ದಳು. ಅಮ್ಮ ಹಮ್ಮ ಆಗುತ್ತಿತ್ತು, ಎಲೆ ಹೆಲೆ. ಒಂದು ದಿನ ನನ್ನ ತರಗತಿಗೆ ಬಂದ ಹೆಡ್ ಮಾಸ್ಟರ್ ಓದಿಸಿದ ವಾಕ್ಯ 'ಅಜ್ಜಿ ಅಕ್ಕಿ ಆರಿಸಿದಳು.' ಚಂದ್ರಿ ಉಸಿರು ಕಟ್ಟಿ ಓದಿದಳು: "ಹಜ್ಜಿ ಹಕ್ಕಿ ಹಾರಿಸಿದಳು."

ತರಗತಿ ಗೊಳ್ಳೆಂದಿತು. "ಲೇ, ನಿಮ್ಮಜ್ಜಿ ರಾಕೆಟ್ಟೂ ಆರಿಸ್ತದೇನ್ಲೇ?" ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಹೆಡ್ ಮಾಸ್ಟರ್ ನಗಲಿಲ್ಲ. ಅಕ್ಷರದ ಗುರುತೇ ಇಲ್ಲದ ಮಗು, ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ನಲಿಕಲಿ ಕೋಣೆಗೆ, ಎಂದರು. ನಲಿಕಲಿ ಎಂದರೆ ಒಂದರಿಂದ ಮೂರನೇ ತರಗತಿಯ ಚಿಕ್ಕವರು ಕೂರುವ ಕೋಣೆ. ಚಂದ್ರಿಯ ತಂಗಿ ಪುಟ್ಟಿ ಅಲ್ಲಿಯೇ ಒಂದನೇ ತರಗತಿಯಲ್ಲಿದ್ದಾಳೆ.

ಬಸ್ಸಿಗೆ ಹೊರಟಿದ್ದ ನನ್ನನ್ನು ಚಂದ್ರಿ ಗೇಟಿನಲ್ಲಿ ತಡೆದಳು. "ನಾನು ಪುಟ್ಟಿ ತಾವ ಕೂರಲ್ಲ ಮಿಸ್. ಅಲ್ಲಿ ಕೂರ್ಸಿದ್ರೆ ನಾನು ಇಸ್ಕೂಲಿಗೇ ಬರಾಕಿಲ್ಲ." ಅವಳು ಅಳುತ್ತಿರಲಿಲ್ಲ. ಲೆಕ್ಕ ಮುಗಿಸಿದವರಂತೆ ಹೇಳಿದಳು. ಅದರಿಂದಲೇ ನನಗೆ ಭಯವಾಯಿತು.

ಆ ತಿಂಗಳೇ ಹಾಸನದಲ್ಲಿ ಓದು ಕಲಿಸುವ ಬಗ್ಗೆ ಶಿಕ್ಷಕರಿಗೆ ತರಬೇತಿ ನಡೆಯಿತು. ಎತ್ತರದ ಕಿಟಕಿಗಳ ಸಭಾಂಗಣ. ತಾಲ್ಲೂಕುವಾರು ಗುಂಪು ಕಟ್ಟಿಕೊಂಡು ಕುಳಿತ ಮೇಷ್ಟ್ರುಗಳು. ನನ್ನ ತಾಲ್ಲೂಕಿನವರ ನಡುವೆಯೂ ನಾನು ಬಿಜಾಪುರದವಳೇ. ಮಗು ಓದುವುದನ್ನು ಕೇಳುತ್ತ, ತಪ್ಪಿದ ಪದಕ್ಕೆ ಗುರುತು ಹಾಕುವುದನ್ನು ಅಲ್ಲಿ ಕಲಿಸುತ್ತಿದ್ದರು. ಮೊದಲು ನಾವೇ ಒಬ್ಬರಿಗೊಬ್ಬರು ಓದಬೇಕು. ನನಗೆ ಜೊತೆಯಾದವರು ಅರಕಲಗೂಡಿನ ಮಂಜೇಗೌಡ ಮೇಷ್ಟ್ರು.

ನಾನು ಒಂದು ಪುಟ ಓದಿದೆ. ಅವರು ನನ್ನ ಪುಟದ ತುಂಬ ಕೆಂಪು ಗೀಟು ಎಳೆದಿದ್ದರು.

"ಇದೇನ್ರೀ ಇಷ್ಟು ತಪ್ಪ?"

"ನಾನೇನ್ ಮಾಡ್ಲಿ ಮೇಡಂ? ಮನೆ ಅಂತ ಐತೆ, ನೀವು ಮನಿ ಅಂದ್ರಿ. ಮುಂದೆ ಅಂತ ಐತೆ, ಮುಂದ ಅಂದ್ರಿ. ನಿಮ್ಮನ್ನ ಒಂದ್ನೇ ಕ್ಲಾಸಿಗೇ ಆಕ್ಬೇಕು."

"ಹಾಕ್ಬೇಕು ಅನ್ರಿ ಮೊದ್ಲ. ಹಾಕಾಕ ಬರಲಾರ್ದವ್ರು ಏನ್ ಹಾಕ್ತೀರಿ?"

ಸುತ್ತಲಿನವರು ನಕ್ಕರು. ಅವರೂ ನಕ್ಕರು. ಈ ಜಿಲ್ಲೆಗೆ ಬಂದ ಮೇಲೆ ನಾನು ಒಬ್ಬರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಆಮೇಲೆ ಅವರು ಓದಿದ ಪುಟದ ಮೇಲೆ ನಾನೂ ಅಷ್ಟೇ ಗೀಟು ಎಳೆದೆ. ತರಬೇತಿ ನಡೆಸುತ್ತಿದ್ದ ಮೇಡಂ ನಮ್ಮ ಎರಡೂ ಹಾಳೆಗಳನ್ನು ಎತ್ತಿ ಹಿಡಿದರು. "ಇವರಿಬ್ಬರಿಗೂ ಓದಲು ಬರುವುದಿಲ್ಲವೇ?" ಎಂದು ಎಲ್ಲರನ್ನೂ ಕೇಳಿದರು. ಬಾಯಿಂದ ಬಂದದ್ದು ಊರಿನ ದನಿ, ಕಣ್ಣು ಹಿಡಿದದ್ದು ಅಕ್ಷರ, ಎರಡನ್ನೂ ಒಂದೇ ಗೀಟಿನಲ್ಲಿ ಹೊಡೆಯಬೇಡಿ, ಎಂದರು. ಮಗು ಓದಿದ ಮೇಲೆ ಅರ್ಥ ಕೇಳಿ. ಹೇಳಲು ಬಾಯಿ ಹೆದರಿದರೆ ಮಾಡಿ ತೋರಿಸಲು ಹೇಳಿ.

ಹಾಸನದಿಂದ ಬರುವ ಬಸ್ಸಿನಲ್ಲಿ ನಿಂತೇ ಬಂದೆ. ಚಂದ್ರಿಯ ಬಾಯಲ್ಲಿದ್ದದ್ದು ಊರಿನ ದನಿಯೂ ಅಲ್ಲ, ಪುಸ್ತಕದ ದನಿಯೂ ಅಲ್ಲ, ಬರೀ ಹೆದರಿಕೆ. ಅದರ ಹಿಂದೆ ಓದು ಇದೆಯೋ ಇಲ್ಲವೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಎಲ್ಲರೆದುರು ಮಾಡಿ ತೋರಿಸಲು ಹೇಳಿ, ಓದು ಇಲ್ಲವೆಂದಾದರೆ, ಅವಳನ್ನು ನಲಿಕಲಿ ಕೋಣೆಗೆ ಕಳಿಸಲು ಕೊನೆಯ ಪುರಾವೆಯನ್ನು ನಾನೇ ಒದಗಿಸಿದಂತಾಗುತ್ತಿತ್ತು.

ತಿಂಗಳ ಕೊನೆಯಲ್ಲಿ ಹೆಡ್ ಮಾಸ್ಟರ್ ಅದೇ ಪುಟ ತೆಗೆಸಿದರು. ಚಂದ್ರಿ ನಿಂತಳು. "ಹಜ್ಜಿ ಹಕ್ಕಿ ಹಾರಿಸಿದಳು." ಅವರು ಬಾಗಿಲ ಕಡೆ ಕೈ ಎತ್ತುವ ಮೊದಲು ನಾನು, "ಸರ್, ಒಂದ್ ಮಾತು ಕೇಳ್ತೀನ್ರಿ," ಎಂದೆ. ಅವರು ತಲೆಯಾಡಿಸಿದರು.

"ಚಂದ್ರಿ, ಹೇಳೂದು ಬ್ಯಾಡ. ಅಜ್ಜಿ ಏನ್ ಮಾಡಿದ್ಳು, ಮಾಡಿ ತೋರ್ಸು."

ಅವಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ನನ್ನ ಕಣ್ಣು ಅವಳ ಕೈಯ ಮೇಲಿತ್ತು. ಆ ಕೈ ಮೇಲಕ್ಕೆ ಹೋದರೆ ಹಕ್ಕಿ. ಅವಳು ಬೆಂಚಿನ ಪಕ್ಕ ನೆಲದ ಮೇಲೆ ಕುಳಿತಳು. ಎಡಗೈಯಲ್ಲಿ ಕಾಣದ ಮೊರವೊಂದನ್ನು ತೊಡೆಯ ಮೇಲೆ ಓರೆಯಾಗಿ ಹಿಡಿದಳು. ಬಲಗೈ ಬೆರಳುಗಳಿಂದ ಅಕ್ಕಿಯನ್ನು ಇತ್ತ ಸರಿಸಿ, ಏನನ್ನೋ ಹೆಕ್ಕಿ, ಹಿಂದಕ್ಕೆ ಎಸೆದಳು.

"ಏನದು ಎಸೆದಿದ್ದು?" ಎಂದರು ಹೆಡ್ ಮಾಸ್ಟರ್.

"ಕಲ್ಲು ಸಾ."

ಈ ಸಲ ಯಾರೂ ನಗಲಿಲ್ಲ. ಹೆಡ್ ಮಾಸ್ಟರ್ ಪುಸ್ತಕ ಮುಚ್ಚಿ, "ಓಗು, ನಿನ್ ಜಾಗ್ದಲ್ಲಿ ಕೂತ್ಕೋ ಓಗು," ಎಂದರು. ಅವರು 'ಹ' ಬಿಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ ತಿಳಿಯದು.

ಚಂದ್ರಿ ಈಗಲೂ ನಾಲ್ಕನೇ ತರಗತಿಯಲ್ಲೇ ಇದ್ದಾಳೆ. ಹೆಚ್ಚುವರಿ 'ಹ'ಗಳು ಒಂದೊಂದಾಗಿ ಉದುರುತ್ತಿವೆ. ನನ್ನ ಸ್ಥಿತಿ ಬದಲಾಗಿಲ್ಲ. ನನ್ನ ಜಾಗಕ್ಕೆ ಬರುವವರು ಸಿಕ್ಕಿಲ್ಲ, ಕೆಳಗಿನ ಮಿಕ್ಸಿಗೆ ಕಾಯುವುದು ತಪ್ಪಿಲ್ಲ.

ಮೊನ್ನೆ ಕರಿಹಲಗೆಯ ಮೇಲೆ 'ಮನೆ' ಎಂದು ಬರೆದು ಓದಿ ಹೇಳಿದೆ. ಚಂದ್ರಿ ಎದ್ದು ನಿಂತಳು. ಅವಳ ಮುಖದಲ್ಲಿ ತುಂಟತನ ನೋಡಿದ್ದು ಅಂದೇ ಮೊದಲು.

"ಮಿಸ್, ಮನೆ ಅಂತ ಬರ್ದು ಮನಿ ಅಂತ ಯಾಕಂತೀರಾ?"

"ನಮ್ಮ ಕಡೆ ಹಂಗ ಅಂತಾರವ್ವಾ."

"ಅಂಗಾರೆ ನಿಮ್ ಮನಿ ಯಾವ್ದು ಮಿಸ್? ಪಟ್ಣದ್ದಾ, ಬಿಜಾಪುರದ್ದಾ?"

ನಾನು ಕಲಿಸಿದ ಪ್ರಶ್ನೆಯೇ ಅದು. ಓದಿದ ಮೇಲೆ ಅರ್ಥ ಕೇಳಬೇಕು. ಮಕ್ಕಳೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಚಾಕ್‌ಪೀಸು ಹಿಡಿದ ಕೈ ಅರ್ಧಕ್ಕೆ ಎದ್ದಿತ್ತು. ಯಾವ ಕಡೆ ತೋರಿಸಬೇಕೆಂದು ಅದಕ್ಕೆ ತಿಳಿಯಲಿಲ್ಲ.