ಈಜುಡುಗೆಯ ಅಂಚಿಗೆ ಸೀಸ

ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕುಬ್ರಾ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಿಷನ್ನು ತುಳಿಯುತ್ತಿದ್ದಾಳೆ. ರವಿಕೆ, ನೈಟಿ, ಎಸ್ಟೇಟ್ ಹೆಂಗಸರ ಕೆಲಸದ ಅಂಗಿ, ಯಾವುದಕ್ಕೂ ಅವಳ ಕತ್ತರಿ ತಡವರಿಸಿದ್ದಿಲ್ಲ. ಅವಳ ತಲೆ ಕೆಡಿಸಿದ್ದು ಮಗಳ ಈಜುಡುಗೆ.

ಮಗಳು ಫಾಯಿಜಾ ಮಂಗಳೂರಿನಲ್ಲಿ ಓದುವಾಗ ಈಜು ಕಲಿತು ಸರ್ಟಿಫಿಕೇಟು ತಂದವಳು. ಗೋಣಿಬೀಡು ರಸ್ತೆಯ ಹೋಮ್‌ಸ್ಟೇಯಲ್ಲಿ ಹೆಂಗಸರಿಗೆ ಈಜು ಕಲಿಸುವ ಕೆಲಸ ಸಿಕ್ಕಿತ್ತು. ಆದರೆ ಭಾನುವಾರದೊಳಗೆ ಒಪ್ಪುವಂಥ ಉಡುಗೆ ತೋರಿಸಬೇಕು. ಇಲ್ಲವಾದರೆ ಚಿಕ್ಕಮಗಳೂರಿನಿಂದ ಬೇರೆಯವಳು ಬರುತ್ತಾಳೆ. ಯಾರಿಗೆ ಒಪ್ಪಬೇಕು? ಅಲ್ಲೇ ಇತ್ತು ನೋಡಿ ರಗಳೆ.

ಹೋಮ್‌ಸ್ಟೇ ಮಾಲೀಕ ಬಸವಪ್ರಸಾದರು ಈಜುಕೊಳದ ಬೋರ್ಡನ್ನು ಮೂರು ಸಲ ಬರೆಸಿದ್ದರು. ಬಟ್ಟೆಯ ನೂಲು ಹೋಗಿ ನೀರಿನ ಫಿಲ್ಟರು ಕಟ್ಟಿಕೊಂಡಾಗ ‘ಸೀರೆ, ನೈಟಿ ನಿಷೇಧ’. ಪೇಟೆಯ ಅತಿಥಿಯೊಬ್ಬಳು ಎರಡು ತುಂಡಿನ ಈಜುಡುಗೆ ತೊಟ್ಟು ಇಳಿದು, ಮಾಲೀಕರ ನೆಂಟರು ಮುಖ ತಿರುಗಿಸಿದಾಗ ‘ತುಂಡುಡುಗೆ ನಿಷೇಧ’. ಈಗ ‘ಸಭ್ಯ ನೈಲಾನ್ ಉಡುಗೆ ಮಾತ್ರ’.

“ಸಭ್ಯ ಅಂದ್ರೆ ಎಷ್ಟು ಇಂಚು ಅಣ್ಣಾ?” ಕುಬ್ರಾ ಫೋನು ಮಾಡಿ ಕೇಳಿದಳು.

“ಮೈಗೆ ಅಂಟಿರ್ಬೇಕು ಮಾರಾಯ್ತಿ, ಆದ್ರೆ ಮೈ ಕಾಣ್ಬಾರ್ದು.”

“ಹಂಗಾದ್ರೆ ಪೈಂಟ್ ಹೊಡ್ಸಿ ಕಳಿಸ್ತೀನಿ!”

ಗ್ಯಾರೇಜಿನಿಂದ ಬಂದ ಗಂಡ ಇಜಾಜ್‌ನದು ಇನ್ನೊಂದು ಕಾನೂನು. “ಸಡಿಲ ಇರ್ಲಿ, ಮಂಡಿ ಮುಚ್ಲಿ. ಜನ ಮಾತಾಡ್ತಾರೆ.”

“ಜನ ನಿಮ್ಮಲ್ಲಿಗೆ ಜೀಪ್ ರಿಪೇರಿಗೆ ಬರ್ತಾರೋ, ಮಗಳ ಮಂಡಿ ಅಳೆಯೋಕೆ ಬರ್ತಾರೋ?”

ಕುಬ್ರಾಳ ತಾಯಿಯ ಕಾಲದ ಹೆಂಗಸರು ಲಂಗವನ್ನು ಎದೆಗೆ ಕಟ್ಟಿಕೊಂಡು ಹೇಮಾವತಿ ಹೊಳೆಗೆ ಇಳಿದುಬಿಡುತ್ತಿದ್ದರು. ನೈಟಿ ಬಂದಮೇಲೆ ಆ ಲಂಗ ನಾಚಿಕೆಗೇಡಾಯಿತು. ಈಗ ನೈಟಿಗೇ ನಿಷೇಧ. ಗೊಣಗುತ್ತಲೇ ಕುಬ್ರಾ ಕೊಡೆಯ ಕಪ್ಪು ನೈಲಾನಿನಲ್ಲಿ ಮಂಡಿ ಮುಚ್ಚುವ ಅಂಗಿ ಹೊಲಿದಳು, ಕೆಳಗೊಂದು ಬಿಗಿ ಪೈಜಾಮ.

ಶನಿವಾರ ಹೋಮ್‌ಸ್ಟೇಯ ಕೊಳದಲ್ಲೇ ಪರೀಕ್ಷೆ. ಫಾಯಿಜಾ ನೀರಿಗಿಳಿದದ್ದೇ ತಡ, ಅಂಗಿಯೊಳಗೆ ಗಾಳಿ ತುಂಬಿ, ಪೂರಿಯಂತೆ ಉಬ್ಬಿ ಗಲ್ಲಕ್ಕೆ ಬಂತು.

“ಅಮ್ಮೀ, ಇದು ಈಜೋಕಲ್ಲ, ಹಾರೋಕೆ!”

ಮನೆಗೆ ಬಂದವಳೇ ಕುಬ್ರಾ ಕಂಕುಳಲ್ಲಿ ಗಾಳಿ ಹೋಗಲು ತೂತು ಮಾಡಿದಳು. ಅಂಚು ಮೇಲೇಳದಂತೆ ಮಾಡುವುದು ಹೇಗೆಂದು ತಿಳಿಯದೆ ಬಟ್ಟೆಯನ್ನು ಮೂಲೆಗೆ ಎಸೆದಳು. ಇಜಾಜ್ ಒಂದು ಹಿಡಿ ಸೀಸದ ತುಂಡುಗಳನ್ನು ತಂದು ಮಿಷನ್ನಿನ ಮೇಲಿಟ್ಟ. “ಜೀಪಿನ ಚಕ್ರ ಓಲಾಡಿದ್ರೆ ನಾವು ತೂಕಕ್ಕೆ ಇದನ್ನೇ ಹೊಡೆಯೋದು. ಅಂಚೊಳಗೆ ಸೇರ್ಸು.”

“ಇಷ್ಟು ಬುದ್ಧಿ ಇಟ್ಕೊಂಡು ಮೂರು ದಿನದಿಂದ ಬರೀ ಮಂಡಿ ಮಂಡಿ ಅಂತಿದ್ರಲ್ಲ!”

ಭಾನುವಾರ ಫಾಯಿಜಾ ಕೊಳದ ಈ ತುದಿಯಿಂದ ಆ ತುದಿಗೆ ಎರಡು ಸಲ ಈಜಿದಳು. ಅಂಗಿ ಕದಲಲಿಲ್ಲ. ಬಸವಪ್ರಸಾದರು ಗಲ್ಲ ಕೆರೆದುಕೊಂಡರು. “ಎಲ್ಲ ಸರಿ, ಕಾಲರ್ ಒಂದು ಸ್ವಲ್ಪ...”

“ಕಾಲರ್ ನೀವೇ ಹೊಲ್ಕೊಳ್ಳಿ ಅಣ್ಣಾ!” ಕುಬ್ರಾ ಸಿಡಿದಳು.

ಕೊಳ ಕಟ್ಟಿಸಿ ಆರು ವರ್ಷವಾದರೂ ಕಾಲು ಕೂಡ ಅದ್ದದ ಅವರ ಹೆಂಡತಿ ನಾಗಶ್ರೀ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. “ರೀ, ನೀವು ಒಳಗೆ ಹೋಗಿ. ಫಾಯಿಜಾ, ಬುಧವಾರ ಪಾಠಕ್ಕೆ ಮೊದಲ್ನೇ ಹೆಸರು ನಂದು ಬರಿ. ಕುಬ್ರಾ, ನಂಗೂ ಇಂಥದ್ದೇ ಒಂದು. ತೋಳು ಮಾತ್ರ ಮೊಣಕೈ ತನಕ... ಬೇಡ, ಮಣಿಕಟ್ಟು ತನಕ... ಅಲ್ಲ, ನಡುವೆ ಎಲ್ಲಾದ್ರೂ...”

ಕುಬ್ರಾ ಟೇಪು ಬಿಚ್ಚಿದಳು. “ಎಲ್ಲಿ ಅಂತ ಬೆರಳಿಟ್ಟು ತೋರ್ಸಿ ಅಕ್ಕಾ. ತೋರಿಸಿದ್ಮೇಲೆ ಯಾರನ್ನೂ ಕೇಳ್ಬೇಡಿ.”