ಫ್ರೆಂಚ್ ನಾಯಕಿಯರೂ ನಾನು ಕುಂಕುಮ ಕೊಡದ ಮನೆಯೂ

ಫ್ರೆಂಚ್ ಕಾದಂಬರಿಗಳನ್ನು ಓದುವುದು ನನಗೆ ಯಾರೂ ಕಲಿಸಿದ್ದಲ್ಲ. ಬಿ.ಕಾಂ. ಮುಗಿಸಿ ವಿಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಇಂಗ್ಲಿಷ್ ಅನುವಾದ ತೆರೆದು, ಅರ್ಥವಾಗದ ಪದಗಳ ಮೇಲೆ ಬೆರಳೊತ್ತಿ ಅರ್ಥ ನೋಡುತ್ತ ಓದುತ್ತಿದ್ದೆ. ಹತ್ತೊಂಬತ್ತನೇ ಶತಮಾನದ ಆ ವಾಸ್ತವವಾದಿಗಳು ಏನನ್ನೂ ಬಿಡುವುದಿಲ್ಲ. ಪರದೆಯ ಬಟ್ಟೆ ಯಾವುದು, ಮೆಟ್ಟಿಲ ಮೇಲೆ ಯಾವ ವಾಸನೆ, ಬಟ್ಟೆ ಒಗೆಯುವವಳ ಕೈ ಎಷ್ಟು ಒಡೆದಿದೆ, ಎಲ್ಲವೂ ಬೇಕು ಅವರಿಗೆ. ಮತ್ತೆ ಮತ್ತೆ ಅಲ್ಲೊಬ್ಬ ಹೆಂಗಸು ಬರುತ್ತಾಳೆ. ಶ್ರೀಮಂತನೊಬ್ಬ ಅವಳಿಗೆ ಮನೆ ಮಾಡಿಕೊಟ್ಟಿರುತ್ತಾನೆ. ಊರೆಲ್ಲ ಅವಳನ್ನು ಕಣ್ಣು ತುಂಬ ನೋಡುತ್ತದೆ, ಒಬ್ಬರೂ ಮನೆಗೆ ಕರೆಯುವುದಿಲ್ಲ. ಕೊನೆಗೆ ಕ್ಷಯವೋ ಸಿಡುಬೋ ಬಂದು ಸಾಯುತ್ತಾಳೆ. ಅವಳನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಎಂದೇ ನನಗೆ ತಿಳಿಯುತ್ತಿರಲಿಲ್ಲ. ಗಣಿಕೆ ಎಂದರೆ ಪುರಾಣದವಳಂತೆ ಕೇಳುತ್ತದೆ, ಇಟ್ಟುಕೊಂಡವಳು ಎಂದರೆ ಬೈಗುಳ.

ಈ ಕಥೆಗಳನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಕೇಳುತ್ತಿದ್ದವರು ಬ್ಲೌಸ್ ಆಂಟಿ ಒಬ್ಬರೇ. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ನಮ್ಮದರಿಂದ ನಾಲ್ಕನೇ ಮನೆ ಅವರದು. ಐವತ್ತರ ಹತ್ತಿರದ ವಯಸ್ಸು. ಬೀದಿಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿದುಕೊಡುತ್ತಿದ್ದರು. ಗಂಡ ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡುತ್ತಾರೆ, ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದೆವು.

ಅವರು ಮೆಷಿನ್ ತುಳಿಯುತ್ತಲೇ ಕಥೆ ಕೇಳುತ್ತಿದ್ದರು, ನಡುವೆ ತಕರಾರು ತೆಗೆಯುತ್ತಿದ್ದರು.

"ಅಷ್ಟು ದೊಡ್ಡ ಗೌನು ಅಂತೀಯ. ಹೊಲ್ದೋಳು ಯಾರು ಅಂತ ಬರ್ದಿದಾನಾ?"

"ದರ್ಜಿ ಅಂಗಡಿ ಹೆಸರು ಇದೆ ಆಂಟಿ."

"ಅಂಗಡಿ ಹೆಸರು ಯಾರಿಗೆ ಬೇಕು ಕಣೇ. ಹೊಲ್ದೋಳು ಯಾರು?"

ಕಳೆದ ಆಷಾಢದಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೊಸ ಕಾದಂಬರಿಯೊಂದನ್ನು ಹೇಳುತ್ತಿದ್ದೆ. ನಾಯಕಿಯ ಮನೆಯಲ್ಲಿ ಎಷ್ಟು ಕನ್ನಡಿಗಳಿವೆ ಎನ್ನುವಲ್ಲಿಗೆ ಬಂದಾಗ ಆಂಟಿ ಮೆಷಿನ್ ನಿಲ್ಲಿಸಿದರು.

"ಮನೆ ಕರಾರು ಯಾರ ಹೆಸ್ರಲ್ಲಿದೆ?"

"ಅದು ಪುಸ್ತಕದಲ್ಲಿ ಇಲ್ಲ."

"ಹಂಗಾದ್ರೆ ಬರ್ದೋನಿಗೆ ಏನೂ ಗೊತ್ತಿಲ್ಲ ಬಿಡು. ಅವ್ಳು ದಿನಾ ಯೋಚ್ನೆ ಮಾಡೋದು ಅದೊಂದೇ."

ನಾನು ನಕ್ಕೆ. ಅವರು ನಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, ಹವಾಮಾನದ ಬಗ್ಗೆ ಮಾತಾಡುವಂತೆ ಹೇಳಿದರು. "ಹುಬ್ಬಳ್ಳಿ ಎಲ್ಲಾ ಏನಿಲ್ಲ ಕಣೇ. ಇಲ್ಲೇ ಮಹಾಲಕ್ಷ್ಮಿ ಲೇಔಟು. ಅಲ್ಲಿ ಹೆಂಡ್ತಿ ಇದಾಳೆ, ಮಕ್ಕಳು ಇದಾರೆ. ಈ ಕರಿಮಣಿ ನಾನೇ ತಗೊಂಡು ನಾನೇ ಹಾಕ್ಕೊಂಡಿರೋದು."

ಅವರೇ ಮುಂದುವರಿಸಿದರು. "ಯಾರಿಗೂ ಹೇಳ್ಬೇಡ. ಶ್ರಾವಣದಲ್ಲಿ ಈ ಬೀದಿಯೋರೆಲ್ಲ ನನ್ನ ಅರಿಶಿನ ಕುಂಕುಮಕ್ಕೆ ಕರೀತಾರೆ. ಎಲ್ಲಾ ಮನೆ ಹಾಲಲ್ಲೂ ಕೂತು ಎದ್ದಿದೀನಿ. ನಾನು ಸಂಪಾದ್ಸಿರೋದು ಅಷ್ಟೇ."

ಆಯಿತು ಎಂದೆ. ಮಾತು ಉಳಿಸಿಕೊಳ್ಳುತ್ತೇನೆ ಎಂದೇ ಆಗ ನಂಬಿದ್ದೆ.

ಮೂರು ವಾರವೂ ಆಗಿರಲಿಲ್ಲ. ಊಟಕ್ಕೆ ಕೂತಾಗ ನನ್ನ ಮೊಬೈಲಿನಲ್ಲಿದ್ದ ಪುಸ್ತಕದ ಮುಖಪುಟ ಅಮ್ಮನ ಕಣ್ಣಿಗೆ ಬಿತ್ತು. "ಇಡೀ ದಿನ ಆ ಕೆಟ್ಟ ಹೆಂಗಸ್ರ ಕಥೆ ಓದಿ ಓದಿ ನಿಂಗೇನು ಸಿಗುತ್ತೆ?" ಎಂದಳು. ನಾನು ವಾದಕ್ಕಿಳಿದೆ. ಅವರು ಕೆಟ್ಟವರಲ್ಲ, ಅವರನ್ನು ಬಿಟ್ಟವರು ಕೆಟ್ಟವರು, ಅದನ್ನೇ ಆ ಲೇಖಕರು ತೋರಿಸುವುದು ಎಂದೆಲ್ಲ ಹೇಳಿದೆ. ಅಮ್ಮ ತುಟಿ ಕೊಂಕಿಸಿದಳು. ನನಗೆ ಗೆಲ್ಲಬೇಕಿತ್ತು.

"ನಾಲ್ಕನೇ ಮನೆ ಆಂಟಿಗೆ ವರ್ಷಾ ವರ್ಷಾ ಕುಂಕುಮ ಕೊಡ್ತೀಯಲ್ಲ. ಅವ್ರೂ ಹಂಗೇ ಇರೋದು. ನಿಂಗೆ ಏನಾದ್ರೂ ಕಡಿಮೆ ಕಂಡಿತ್ತಾ ಅವ್ರಲ್ಲಿ?"

ಅಮ್ಮ ಸಾರು ಬಡಿಸಿಕೊಂಡು ಉಂಡಳು. ಅವಳು ಸುಮ್ಮನಾದದ್ದನ್ನು ನಾನು ಸೋಲು ಎಂದುಕೊಂಡೆ. ನನ್ನ ಕಾದಂಬರಿಗಳು ಗೆದ್ದವು ಎಂದು ಖುಷಿಪಟ್ಟೆ. ಅದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬದ ದಿನ ಮಧ್ಯಾಹ್ನದ ಮೇಲೆ ಕುಂಕುಮದ ಭರಣಿ ಹಿಡಿದು ಮನೆ ಮನೆಗೆ ಹೋಗಿ, ಹೆಂಗಸರ ಹಣೆಗೆ ಕುಂಕುಮ ಇಟ್ಟು, ಸಂಜೆ ಬನ್ನಿ ಎಂದು ಕರೆಯುವುದು ನಮ್ಮ ಕಡೆ ಮದುವೆಯಾಗದ ಹುಡುಗಿಯರ ಕೆಲಸ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಅಮ್ಮ ದೇವರ ಮುಂದಿನಿಂದಲೇ ಹೇಳಿದಳು. "ನಾಲ್ಕನೇ ಮನೆ ಬೇಡ."

"ಅಮ್ಮ, ಪ್ಲೀಸ್."

"ನಾಳೆ ನಿನ್ನ ನೋಡೋಕೆ ಬಂದೋರು ಬೀದೀಲಿ ವಿಚಾರಿಸ್ತಾರೆ. ಸುಮ್ನೆ ಹೋಗು."

ನಾನು ಸುಮ್ಮನೆ ಹೋದೆ. ಪಕ್ಕದ ಮನೆ, ಅದರಾಚೆಯ ಮನೆ ಮುಗಿದವು. ಆಂಟಿಯ ಬಾಗಿಲು ತೆರೆದಿತ್ತು. ಮೆರೂನ್ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊಸ್ತಿಲಲ್ಲೇ ನಿಂತಿದ್ದರು. ನನ್ನ ಕೈಯ ಭರಣಿ ನೋಡಿದವರೇ ಒಂದು ಹೆಜ್ಜೆ ಮುಂದೆ ಬಂದು, ಹಣೆಯನ್ನು ಸ್ವಲ್ಪ ಬಗ್ಗಿಸಿದರು.

ಭರಣಿಯ ಮುಚ್ಚಳ ತೆಗೆದರೆ ಸಾಕಿತ್ತು. ಅಮ್ಮ ಅಲ್ಲಿರಲಿಲ್ಲ. ಯಾರೂ ನನ್ನ ಕೈ ಹಿಡಿದಿರಲಿಲ್ಲ.

"ಆಮೇಲೆ ಬರ್ತೀನಿ ಆಂಟಿ, ಆ ಕಡೆ ಮನೆ ಮುಗಿಸ್ಕೊಂಡು," ಎಂದೆ.

ಅವರು ತಲೆ ಎತ್ತಿದರು. "ಹೂಂ, ಹೋಗ್ಬಾ," ಎಂದರು. ವಾಪಸ್ ಬರುವಾಗ ನಾನು ಹಿಂದಿನ ಬೀದಿ ಸುತ್ತಿಕೊಂಡು ಬಂದೆ. ಅಮ್ಮ ಯಾರ್ಯಾರ ಕಿವಿಗೆ ಹಾಕಿದ್ದಳೋ, ಆ ಸಂಜೆ ಅವರನ್ನು ಯಾವ ಮನೆಯವರೂ ಕರೆಯಲಿಲ್ಲ. ದೀಪ ಹಚ್ಚುವ ಹೊತ್ತು ಕಳೆದರೂ ಅವರ ಬಾಗಿಲು ತೆರೆದೇ ಇತ್ತು. ಆಮೇಲೆ ಮುಚ್ಚಿತು.

ಸೋಮವಾರ ಧೈರ್ಯ ಮಾಡಿ ಹೋದೆ. ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿತ್ತು.

"ನೀನೇ ಹೇಳಿದ್ದು ಅಲ್ವಾ?"

"ಹೂಂ."

"ಬೇರೆ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ನಾ ಅಂತ ಮೂರು ದಿನದಿಂದ ನೆನಪು ಮಾಡ್ಕೋತಾ ಇದ್ದೆ. ನಿನ್ನ ಹತ್ರ ಬಿಟ್ರೆ ಯಾರ ಹತ್ರಾನೂ ಹೇಳಿಲ್ಲ."

ನಾನು ಅಳತೊಡಗಿದೆ. ಅವರು ಕಾದರು, ಸಮಾಧಾನ ಮಾಡಲಿಲ್ಲ. ಆಮೇಲೆ ಒಂದು ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಇನ್ನೂ ಕತ್ತರಿಸದ ಬ್ಲೌಸ್ ಪೀಸುಗಳಿದ್ದವು. ಒಂದೊಂದಕ್ಕೂ ಮನೆ ನಂಬರಿನ ಚೀಟಿ ಪಿನ್ ಮಾಡಿತ್ತು.

"ಬೆಳಿಗ್ಗೆಯಿಂದ ಒಬ್ಬೊಬ್ರೇ ಫೋನ್ ಮಾಡಿ ವಾಪಸ್ ಕೇಳ್ತಿದಾರೆ. ಅವರವರ ಮನೆಗೆ ಕೊಟ್ಬಿಡು. ನಾನು ಹೋಗೋ ಹಂಗಿಲ್ಲ."

ಆ ಕಾದಂಬರಿಗಳಲ್ಲಿ ಅವಳನ್ನು ಕೊಲ್ಲುವುದು ಕಾಯಿಲೆ ಎಂದು ನಾನು ನಂಬಿಕೊಂಡಿದ್ದೆ. ಎಷ್ಟು ಓದಿದರೂ ನನಗೆ ತಿಳಿದದ್ದು ಅಷ್ಟೇ ಆಗಿತ್ತು.

ಚೀಲ ಹಿಡಿದು ಮನೆ ಮನೆಗೂ ಹೋದೆ. ಯಾರೂ ಏನೂ ಕೇಳಲಿಲ್ಲ. ಗ್ರಿಲ್‌ನ ಸಂದಿಯಿಂದ ಕೈ ಚಾಚಿ ತೆಗೆದುಕೊಂಡರು. ಮೂಲೆಮನೆಯವರು ಮಾತ್ರ ಬಟ್ಟೆ ಬಿಚ್ಚಿ ನೋಡಿ ಕರೆದರು.

"ಅಳತೆ ಬ್ಲೌಸ್ ಕೊಟ್ಟಿದ್ನಲ್ಲಮ್ಮ, ಹಸಿರುದು. ಅದನ್ನೂ ಇಸ್ಕೊಂಡ್ ಬಂದ್ಬಿಡು."

ಅದನ್ನು ಕೇಳಲು ನಾನು ಮತ್ತೆ ಆ ಬಾಗಿಲಿಗೆ ಹೋದೆ.